ಜೇನುಪೆಟ್ಟಿಗೆಯೂ ಸಹಕಾರ ಸಂಘವೂ

(ಗಾಳಿಬೀಡಿನ ಸೀಮೆಯ ತಕ್ಕರು ಮತ್ತು ಹಿಡುವಳಿದಾರರ ಪರಿಶೀಲನೆಗಾಗಿ)

ಮಡಿಕೇರಿಯ ಸಮೀಪದಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಗಾಳಿಬೀಡು ಗ್ರಾಮವು ಹೆಸರಿಗೆ ತಕ್ಕಂತೆ ಗಾಳಿಯ ಬೀಡೇ ಆಗಿದೆ. ಮುಂಗಾರಿನಲ್ಲಿ ದಿನಗಟ್ಟಲೆ ಬಿಡುವಿಲ್ಲದೆ ಮಳೆ ಸುರಿಯುವ ಈ ಸೀಮೆಯಲ್ಲಿ ಏಲಕ್ಕಿ, ಕಾಫಿ ಮುಂತಾದ ತೋಟದ ಬೆಳೆಗಳೇ ಒಕ್ಕಲುಗಳ ಜೀವನಾಧಾರವು. ಈ ಬೆಳೆಗಳ ಹುಟ್ಟುವಳಿಯು ಮಣ್ಣು ಗೊಬ್ಬರಗಳನ್ನು ಮಾತ್ರ ಅವಲಂಬಿಸಿದುದಲ್ಲ. ಏಲಕ್ಕಿಯ ಹೂವು ಒಂದು ದಿನದ ಬಾಳ್ವೆಯುಳ್ಳದ್ದು. ಆ ಅವಧಿಯಲ್ಲಿ ಜೇನುಹುಳುವು ಬಂದು ಹೋಗದಿದ್ದರೆ ಕಾಯಿ ಕಟ್ಟುವುದು ದುರ್ಲಭ. ರೊಬಸ್ಟಾ ಕಾಫಿಯು ತನ್ನ ಪರಾಗದಿಂದಲೇ ಫಲಿಸಲಾರದು. ಗಾಳಿಯಿಂದಾಗಲಿ ಹುಳುಗಳಿಂದಾಗಲಿ ಬೇರೆ ಗಿಡದ ಪರಾಗವು ಅದಕ್ಕೆ ದೊರೆಯಬೇಕು. ಆದಕಾರಣ ತುಡುವೆ ಜೇನಿನ ಸಾಕಣೆಯು ಕೇವಲ ತುಪ್ಪದ ಆದಾಯಕ್ಕೆ ಸಂಬಂಧಪಟ್ಟ ವಿಷಯವೆಂದು ಯಾರೂ ಭಾವಿಸಕೂಡದು.

ಪೆಟ್ಟಿಗೆಯು ಹುಳುವಿಗೆ ತಕ್ಕುದಾಗಿರಬೇಕು

1851ರಲ್ಲಿ ಅಮೆರಿಕಾ ದೇಶದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಗಳು ಜೇನುಹುಳುಗಳನ್ನು ತಾಳ್ಮೆಯಿಂದ ಗಮನಿಸಿ, ಎರಡು ಎರಿಗಳ ನಡುವೆ ಹುಳುಗಳು ತಾವಾಗಿಯೇ ಖಾಲಿ ಬಿಡುವ ಹಾದಿಯ ಅಳತೆಯನ್ನು ಕಂಡುಕೊಂಡರು. ಅದು ಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಅರ್ಧ ಅಂಗುಲಕ್ಕಿಂತ ಕಡಿಮೆ. ಆ ಅಳತೆಯನ್ನು ಅನುಸರಿಸಿದುದರಿಂದಲೇ, ಗೂಡನ್ನು ಕೆಡಿಸದೆ ಚೌಕಟ್ಟುಗಳನ್ನು ಹೊರತೆಗೆಯುವುದು ಸಾಧ್ಯವಾಯಿತು. ಆದರೆ ಆ ಪೆಟ್ಟಿಗೆಯು ವಿಲಾಯಿತಿ ಹುಳುವಿಗೆ ಒಪ್ಪಿದ ಗಾತ್ರದ್ದು. ನಮ್ಮ ತುಡುವೆಯು ಅದಕ್ಕಿಂತ ಚಿಕ್ಕದು, ಅದರ ಸಂಸಾರವೂ ಚಿಕ್ಕದು. 1911ರಿಂದ 1917ರವರೆಗೆ ದಕ್ಷಿಣ ಭಾರತದಲ್ಲಿ ಅನೇಕರಿಗೆ ಜೇನುಸಾಕಣೆಯನ್ನು ಕಲಿಸಿದ ನ್ಯೂಟನ್ ಪಾದ್ರಿಗಳು ನಾಡಹುಳುವಿಗೆ ತಕ್ಕಂತೆ ಏಳು ಚೌಕಟ್ಟಿನ ಸಣ್ಣ ಪೆಟ್ಟಿಗೆಯನ್ನು ರೂಪಿಸಿದರು. ಹೊರಗಿನಿಂದ ಬಂದ ಹೊಸ ಪದ್ಧತಿಯು ಇಲ್ಲಿ ಬೇರೂರಿದುದು ಈ ತಿದ್ದುಪಡಿಯ ಫಲವಾಗಿ ಎಂಬುದನ್ನು ಮನಸ್ಸಿನಲ್ಲಿಡತಕ್ಕದ್ದು.

ಸಂಘಕ್ಕೂ ಇದೇ ನಿಯಮವು

ಪೆಟ್ಟಿಗೆಗೆ ಸಲ್ಲುವ ಮಾತು ಸಂಘಕ್ಕೂ ಸಲ್ಲುವುದು. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣದ ಉತ್ಪಾದಕರ ಸಹಕಾರ ಸಂಘವು ಸ್ಥಾಪಿತವಾಯಿತು. ಕೊಡಗಿನ ತುಪ್ಪವು ದೂರದ ಪಟ್ಟಣಗಳಲ್ಲಿಯೂ ಹೆಸರು ಪಡೆಯಿತು. ಆದರೆ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಸೋಂಕು ದಕ್ಷಿಣ ಭಾರತವನ್ನು ಹೊಕ್ಕು, ತುಡುವೆ ಕುಟುಂಬಗಳ ಬಹುಪಾಲನ್ನು ನಾಶಮಾಡಿತು. ಈ ರೋಗದಲ್ಲಿ ಮರಿಹುಳುವು ಕೋಶಾವಸ್ಥೆಗೆ ಬರುವ ಮುನ್ನವೇ ಸತ್ತು, ನೀರು ತುಂಬಿದ ಸಣ್ಣ ಚೀಲದಂತಾಗುವುದು. ಇದಕ್ಕೆ ಗುಣಪಡಿಸುವ ಔಷಧವಿಲ್ಲ. ರೋಗದ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡದಿರುವುದು, ರೋಗವನ್ನು ತಾಳಿ ಉಳಿದ ಕುಟುಂಬಗಳಿಂದಲೇ ಸಂತತಿಯನ್ನು ಹೆಚ್ಚಿಸುವುದು, ಇವೇ ಮುಖ್ಯ ಉಪಾಯಗಳು.

ಈ ಉಪಾಯಗಳು ಯಾರ ಕೈಯಲ್ಲಿವೆ? ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡುವವನ ಕೈಯಲ್ಲಿ. ಸತ್ತ ಮರಿಗಳನ್ನು ಕಂಡ ಸದಸ್ಯನು ಅದೇ ದಿನ ಬಂದು ತಿಳಿಸಿದರೆ ನೆರೆಯವರ ಪೆಟ್ಟಿಗೆಗಳು ಉಳಿಯಬಹುದು. ಆದರೆ ತಿಳಿಸಿದವನನ್ನು ಸಭೆಯಲ್ಲಿ ಅಸಡ್ಡೆಗಾರನೆಂದು ಹೀಯಾಳಿಸುವ ರೂಢಿಯಿದ್ದರೆ, ಅಥವಾ ಅವನ ಸಹಾಯಧನವನ್ನು ತಡೆಯುವ ಭಯವಿದ್ದರೆ, ಅವನು ಮುಚ್ಚಳವನ್ನು ಸುಮ್ಮನೆ ಮುಚ್ಚುವನು. ಮುಂದಿನ ವಾರ ಆ ಪೆಟ್ಟಿಗೆಯ ಎರಿಯೇ ನೆಂಟನ ಮನೆಗೆ ಹೋಗುವುದು. ರೋಗವೂ ಜೊತೆಯಲ್ಲಿ ಹೋಗುವುದು. ಶಿಕ್ಷೆಯ ಭಯದಿಂದ ನಡೆಯುವ ಸಂಘದಲ್ಲಿ ಲೆಕ್ಕದ ಪುಸ್ತಕವು ಚೊಕ್ಕಟವಾಗಿರಬಹುದು, ಪೆಟ್ಟಿಗೆಗಳು ಮಾತ್ರ ಬರಿದಾಗುವುವು.

ಅನುಸರಿಸತಕ್ಕ ಕ್ರಮ

ಮೊದಲನೆಯದಾಗಿ, ಯಾವ ಹೊಸ ಪದ್ಧತಿಯನ್ನೇ ಆಗಲಿ ತರುವ ಮುನ್ನ ಕೆಲಸ ಮಾಡುವವರನ್ನು ಕೇಳತಕ್ಕದ್ದು. ತೋಟದ ಯಜಮಾನನಿಗಿಂತ ಪೆಟ್ಟಿಗೆಯನ್ನು ನಿತ್ಯವೂ ಕಾಣುವ ಗೃಹಿಣಿಯೂ, ಕಾಡುಜೇನಿನ ನಡೆಯನ್ನು ತಲೆಮಾರುಗಳಿಂದ ಬಲ್ಲ ಜೇನುಕುರುಬರೂ ಹೆಚ್ಚು ತಿಳಿದಿರುವುದುಂಟು.

ಎರಡನೆಯದಾಗಿ, ಪರೀಕ್ಷೆಯನ್ನು ಚಿಕ್ಕದಾಗಿ ಆರಂಭಿಸತಕ್ಕದ್ದು. ಒಪ್ಪಿದ ನಾಲ್ಕು ಮನೆಗಳಲ್ಲಿ ಎರಡೆರಡು ಪೆಟ್ಟಿಗೆಗಳಂತೆ ಇಟ್ಟು, ಒಂದು ವರ್ಷದ ಎಲ್ಲಾ ಋತುಗಳನ್ನೂ ಕಾಣಲಿ. ಗಾಳಿಬೀಡಿನಲ್ಲಿ ಕಕ್ಕಡ ಮಾಸವೇ ನಿಜವಾದ ಪರೀಕ್ಷಕನು. ಹುಳು ಹೊರಗೆ ಹೋಗಲಾರದ ಆ ದಿನಗಳಲ್ಲಿ, ಸಮಭಾಗ ಸಕ್ಕರೆ ಮತ್ತು ನೀರಿನ ಪಾಕವನ್ನು ಕೊಟ್ಟ ಪೆಟ್ಟಿಗೆಗೂ ಕೊಡದ ಪೆಟ್ಟಿಗೆಗೂ ಇರುವ ಅಂತರವು ಉಪನ್ಯಾಸವಿಲ್ಲದೆಯೇ ತಿಳಿಯುವುದು. ಹಳೆಯ ಮಡಕೆಗೂಡುಗಳಿದ್ದರೆ ಅವನ್ನು ತೆಗೆಯಬೇಕಾಗಿಲ್ಲ. ಪಕ್ಕದಲ್ಲಿಯೇ ಇದ್ದು ಹೋಲಿಕೆಗೆ ಒದಗಲಿ.

ಮೂರನೆಯದಾಗಿ, ಸೋಲನ್ನೂ ದಾಖಲೆಯಲ್ಲಿ ಬರೆಯತಕ್ಕದ್ದು. ಹುಳು ಹಾರಿಹೋದ ಪೆಟ್ಟಿಗೆಯ ಕಾರಣವನ್ನು ಸಭೆಯಲ್ಲಿ ಓದುವಾಗ, ನಷ್ಟಪಟ್ಟವನಿಗೆ ಮರುವರ್ಷದ ಮೊದಲ ಕುಟುಂಬವನ್ನು ಕೊಡುವುದೆಂದು ಗೊತ್ತುಪಡಿಸಿದರೆ ಮುಚ್ಚುಮರೆ ತಾನಾಗಿ ನಿಲ್ಲುವುದು.

ನಾಲ್ಕನೆಯದಾಗಿ, ನಿರ್ಧಾರವನ್ನು ಸರ್ವಸದಸ್ಯರ ಸಭೆಗೇ ಬಿಡತಕ್ಕದ್ದು. ನೂರು ಎಕರೆಯವನಿಗೂ ಒಂದು ಎಕರೆಯವನಿಗೂ ಒಂದೇ ಮತವೆಂಬುದು ಸಹಕಾರದ ಮೂಲತತ್ತ್ವವು. ದೊಡ್ಡ ಹಿಡುವಳಿದಾರರು ಮೊದಲು ಮಾತನಾಡಿದರೆ ಸಣ್ಣವರು ತಲೆದೂಗುವರೇ ಹೊರತು ಮನಸ್ಸನ್ನು ಬಿಚ್ಚಲಾರರು. ಆದುದರಿಂದ ತಕ್ಕರು ಕೊನೆಯಲ್ಲಿ ಮಾತನಾಡುವುದು ಉತ್ತಮವು.

ಉಪಸಂಹಾರ

2018ರ ಆಗಸ್ಟ್ ತಿಂಗಳಿನಲ್ಲಿ ಗಾಳಿಬೀಡು, ಮಕ್ಕಂದೂರು ಮೊದಲಾದ ಗ್ರಾಮಗಳ ಸುತ್ತಿನಲ್ಲಿ ಗುಡ್ಡಗಳು ಜಾರಿ ಮನೆ ತೋಟಗಳು ಹಾಳಾದುವು. ಅಂತಹ ಆಪತ್ತಿನಲ್ಲಿ ಮೊದಲು ಒದಗುವವರು ನೆರೆಯವರು. ಒಬ್ಬರ ಮಾತನ್ನು ಒಬ್ಬರು ನಂಬುವ ಅಭ್ಯಾಸವು ಆಪತ್ತಿನ ದಿನ ಹುಟ್ಟತಕ್ಕದ್ದಲ್ಲ. ಸಂಘದ ಸಣ್ಣಪುಟ್ಟ ಕಾರ್ಯಗಳಲ್ಲಿ ವರ್ಷವರ್ಷವೂ ಬೆಳೆಯತಕ್ಕದ್ದು. ಪುತ್ತರಿಯ ಕಾಲಕ್ಕೆ ಊರಿನವರು ಮಂದಿನಲ್ಲಿ ಸೇರುವರಷ್ಟೆ. ಕಾಫಿಯ ಹೂಮಳೆಗೆ ಮುಂಚಿತವಾಗಿ, ಆ ಸಂದರ್ಭದಲ್ಲಿಯೇ ನಾಲ್ಕು ಮನೆಗಳನ್ನು ಗೊತ್ತುಮಾಡಿಕೊಂಡು ಕಾರ್ಯಾರಂಭ ಮಾಡುವುದು ಗ್ರಾಮದ ಮುಖ್ಯಸ್ಥರಿಗೆ ಸುಲಭಸಾಧ್ಯವಾದುದು.