ರೇಡಿಯೇಟರ್ ಇದ್ದಮೇಲೆ ಫಿನ್ ಯಾಕೆ?

ಪ್ರಶ್ನೆ: ಅಣ್ಣ ಟ್ರಯಂಫ್ ಸ್ಪೀಡ್ 400 ತಗೊಂಡಿದ್ದಾನೆ. ಮುಂದೆ ರೇಡಿಯೇಟರ್ ಇದೆ, ಎಂಜಿನ್‌ಗೆ ಹಳೇ ಬುಲೆಟ್ಟಿನ ಹಾಗೆ ಫಿನ್‌ಗಳೂ ಇವೆ. ಎರಡೂ ಯಾಕೆ? ಊಟಿಗೆ ಹೋದರೆ ಬಿಸಿಯಾಗುತ್ತದೆಯೇ?
– ಓದುಗರು, ಸಂತೆಮರಹಳ್ಳಿ

ಉತ್ತರ: ಫಿನ್ ಇರುವುದು ಹೆಚ್ಚಾಗಿ ಕಣ್ಣಿಗೆ. 1959ರ ಟ್ರಯಂಫ್ ಬಾನೆವಿಲ್ ಬೈಕಿಗೆ ಗಾಳಿಯೇ ಗತಿಯಾಗಿತ್ತು. ಈಗ ಹೊಗೆ, ಸದ್ದಿನ ನಿಯಮ ಬಿಗಿ. ರೇಡಿಯೇಟರ್‌ನಿಂದ ಕೂಲೆಂಟ್ ದ್ರವ ಹರಿದರೆ ಎಂಜಿನ್ನಿನ ಬಿಸಿ ಒಂದೇ ಮಟ್ಟದಲ್ಲಿರುತ್ತದೆ, ಪೆಟ್ರೋಲ್ ಹದವಾಗಿ ಉರಿಯುತ್ತದೆ, ಗದ್ದಲವೂ ಕೊಂಚ ತಗ್ಗುತ್ತದೆ. 398 ಸಿಸಿಯಿಂದ 40 ಪಿಎಸ್ ಶಕ್ತಿ ಬರುವುದು ಹಾಗೆ. ಆದರೆ ಹಳೇ ರೂಪ ಬಿಟ್ಟರೆ ಗಿರಾಕಿ ಒಪ್ಪಬೇಕಲ್ಲ! ದೊಡ್ಡ ಬಾನೆವಿಲ್‌ನಲ್ಲಂತೂ ಫ್ಯುಯೆಲ್ ಇಂಜೆಕ್ಷನ್‌ಗೇ ಕಾರ್ಬ್ಯುರೇಟರ್ ವೇಷ ಹಾಕಿದ್ದಾರೆ.

ಗೂಡಲೂರು ದಾಟಿ ಘಾಟಿ ಹತ್ತುವಾಗ ಕಾಲಿಗೆ ಬಿಸಿಗಾಳಿ ಬಡಿದರೆ ಗಾಬರಿ ಬೇಡ, ರೇಡಿಯೇಟರ್ ಫ್ಯಾನ್ ತಿರುಗುತ್ತಿದೆ ಎಂದರ್ಥ. ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಮಟ್ಟ ನೋಡಿಕೊಳ್ಳಲಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬಾರದು. ಇನ್ನು ಊಟಿ ದಾರಿಯಲ್ಲಿ ಗುಂಡ್ಲುಪೇಟೆಯನ್ನು ಹೊತ್ತಿರುವಾಗಲೇ ದಾಟಿ: ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕಾಡಿನ ನಡುವೆ ಫೋಟೋಗೆಂದು ಗಾಡಿ ನಿಲ್ಲಿಸಬೇಡಿ.