ಕಡಲಾಮೆಯ ದಾರಿ ತಪ್ಪಿಸುವವರು ಯಾರು? ಊಹಿಸಿ!

ಉತ್ತರ ಕನ್ನಡ ಜಿಲ್ಲೆಯ ಅವರ್ಸಾದ ಕಡಲ ದಂಡೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಬೆನ್ನ ಹಿಂದೆ ರಾಷ್ಟ್ರೀಯ ಹೆದ್ದಾರಿ 66. ಉತ್ತರಕ್ಕೆ, ಅರ್ಗಾದಲ್ಲಿ 2005ರಲ್ಲಿ ಶುರುವಾದ ಕದಂಬ ನೌಕಾನೆಲೆ. ದಕ್ಷಿಣಕ್ಕೆ ಬೇಲೇಕೇರಿ ಬಂದರು. ಅದರಾಚೆ ಕೇಣಿಯಲ್ಲಿ ಇನ್ನೊಂದು ದೊಡ್ಡ ಬಂದರಿನ ಯೋಜನೆ.

ಈ ಗದ್ದಲದ ನಡುವೆಯೂ ನಮ್ಮ ಕರಾವಳಿಯ ಮರಳನ್ನೇ ನಂಬಿ ಬರುವ ಬಸುರಿಯೊಬ್ಬಳಿದ್ದಾಳೆ. ಯಾರು ಹೇಳಿ?

ಆಲಿವ್ ರಿಡ್ಲೆ ಕಡಲಾಮೆ!

ಕಾರವಾರದ ದೇವಬಾಗದಿಂದ ಹೊನ್ನಾವರದ ಕಾಸರಕೋಡ ಟೊಂಕದವರೆಗೆ, ಚಳಿಗಾಲದ ರಾತ್ರಿಗಳಲ್ಲಿ ಇವಳು ದಂಡೆ ಹತ್ತುತ್ತಾಳೆ. ಹಿಂಗಾಲಿನಿಂದ ಗುಂಡಿ ತೋಡುತ್ತಾಳೆ, ಅದೂ ಹಿಂದಿರುಗಿ ನೋಡದೆ! ಒಂದು ಕಾಲು ಮರಳೆತ್ತುತ್ತದೆ, ಇನ್ನೊಂದು ಕಾಯುತ್ತದೆ. ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳು. ಎಷ್ಟು? ಹತ್ತು? ಇಪ್ಪತ್ತು? ನೂರಕ್ಕೂ ಹೆಚ್ಚು! ಆಮೇಲೆ ಕುಣಿತ! ಮೈಯನ್ನು ಎಡಕ್ಕೂ ಬಲಕ್ಕೂ ಅಪ್ಪಳಿಸಿ ಮರಳನ್ನು ಗಟ್ಟಿ ಮಾಡುತ್ತಾಳೆ. ಕಣ್ಣಲ್ಲಿ ನೀರು. ಅಳುವಲ್ಲ, ಮೈಯೊಳಗಿನ ಹೆಚ್ಚಿನ ಉಪ್ಪು ಹೊರಬೀಳುವ ದಾರಿ ಅದು!

ಮರಿ ಗಂಡೋ ಹೆಣ್ಣೋ? ನಿರ್ಧರಿಸುವುದು ಮರಳಿನ ಬಿಸಿ! ತಂಪಾಗಿದ್ದರೆ ಗಂಡು, ಬಿಸಿಯೇರಿದರೆ ಹೆಣ್ಣು.

ಇನ್ನು ಇವಳ ಪಯಣ ಕೇಳಿ. ಒಡಿಶಾದಲ್ಲಿ 2021ರಲ್ಲಿ ಗುರುತಿನ ಬಿಲ್ಲೆ ತೊಡಿಸಿದ್ದ ಒಂದು ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ಗುಹಾಗರದಲ್ಲಿ ಮೊಟ್ಟೆಯಿಟ್ಟಿತು. ಬಂಗಾಳ ಕೊಲ್ಲಿಯಿಂದ ಅರಬ್ಬಿ ಸಮುದ್ರಕ್ಕೆ! ಎಷ್ಟು ದೂರ? ಸಾವಿರ ಕಿಲೋಮೀಟರ್? ಎರಡು ಸಾವಿರ? ಸುಮಾರು 3,500! ನಮ್ಮ ಕರಾವಳಿಯ ಎದುರಿನ ಕಡಲನ್ನು ಹಾದೇ ಹೋಗಿರಬೇಕು!

ಇಂಥ ಗಟ್ಟಿಗಿತ್ತಿಯ ಮರಿಗಳ ದಾರಿ ತಪ್ಪಿಸುವವರು ಯಾರು? ನಾಯಿ? ನರಿ? ಕಾಗೆ? ಅವೂ ಹೊಂಚು ಹಾಕುತ್ತವೆ, ನಿಜ. ಆದರೆ ದಾರಿ ತಪ್ಪಿಸುವುದು ಇನ್ನೊಂದು.

ಬಲ್ಬು!

ಹೌದು, ಬರೀ ಒಂದು ಬಲ್ಬು! ಒಂದೂವರೆ ಎರಡು ತಿಂಗಳಿಗೆ ಮರಿಗಳು ಮರಳು ಸೀಳಿ ಮೇಲೆ ಬರುತ್ತವೆ. ಬೆಳಕು ಎಲ್ಲಿದೆಯೋ ಅತ್ತ ಓಟ. ಲಕ್ಷಾಂತರ ವರ್ಷ ಆ ಬೆಳಕೆಂದರೆ ರಾತ್ರಿಯ ಕಡಲಿನದ್ದೇ. ಈಗ? ರೆಸಾರ್ಟಿನ ದೀಪ, ಬಂದರಿನ ಫ್ಲಡ್‌ಲೈಟು, ರಸ್ತೆಯ ಎಲ್‌ಇಡಿ! ಮರಿಗಳು ಕಡಲಿಗೆ ಬೆನ್ನು ಹಾಕಿ ಊರ ಕಡೆ ಹೊರಡುತ್ತವೆ. ಬೆಳಗಾದರೆ ಬಿಸಿಲು. ಕತೆ ಮುಗಿಯಿತು.

ತಾಯಿಗೂ ಸಂಕಟವೇ. ಕೊರೆತಕ್ಕೆ ಅಡ್ಡವಾಗಿ ಕಟ್ಟಿದ ಕಲ್ಲಿನ ತಡೆಗೋಡೆಯನ್ನು ಅವಳು ಹತ್ತುವುದು ಹೇಗೆ? ಕಾಸರಕೋಡ ಟೊಂಕದಲ್ಲಂತೂ ಬಂದರು ಯೋಜನೆಗೂ ಆಮೆಯ ಗೂಡಿಗೂ ಬೇಕಾದದ್ದು ಅದೇ ಮರಳು!

ಆದರೆ ಖುಷಿಯ ಸಂಗತಿ ಕೇಳಿ. ಈ ಜಿಲ್ಲೆಯ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ. ಮರಿಗಳು ಕಡಲು ಸೇರುತ್ತವೆ!

ಕೊನೆಯ ಲೆಕ್ಕ. ಸಾವಿರ ಮರಿಗಳಲ್ಲಿ ದೊಡ್ಡದಾಗುವುದು ಹೆಚ್ಚುಕಡಿಮೆ ಒಂದೇ! ಅದು ತಾನು ಹುಟ್ಟಿದ ಕರಾವಳಿಗೆ ಮೊಟ್ಟೆಯಿಡಲು ಮರಳುವುದು ಹತ್ತು ಹದಿನೈದು ವರ್ಷದ ಮೇಲೆ. ಇವತ್ತು ನಕ್ಷೆಯಲ್ಲಿರುವ ಬಂದರು, ರಸ್ತೆ, ಗೋಡೆ ಎಲ್ಲ ಅಷ್ಟರಲ್ಲಿ ಎದ್ದು ನಿಂತಿರುತ್ತವೆ. ಅವಳಿಗೆ ಜಾಗ ಬಿಡುವುದಾದರೆ ಈಗಲೇ, ಆ ನಕ್ಷೆಯಲ್ಲೇ ಬಿಡಬೇಕು. ದಂಡೆಯಲ್ಲಿ ನಿಮ್ಮ ಮನೆಯಿದೆಯೇ? ಹೋಮ್‌ಸ್ಟೇ ಇದೆಯೇ? ಡಿಸೆಂಬರಿನಿಂದ ಕಡಲ ಕಡೆಯ ದೀಪ ಆರಿಸಿ. ಕೆಲಸ ಇಷ್ಟೇ, ಒಂದು ಸ್ವಿಚ್ಚು!