ಸಾವಿರ ಮೆಟ್ಟಿಲು, ಒಂದು ಬ್ಯಾಕ್‌ಲಾಗ್

ಸಿವಿಲ್ ಎಂಜಿನಿಯರಿಂಗ್ ಸೇರಿದ ಮೇಲೆ ನಾನು ಫೇಲಾದ ಒಂದೇ ವಿಷಯ ಜಿಯಾಲಜಿ. ಗಣಿತದಲ್ಲಿ ಫೇಲಾಗಿದ್ದರೆ ಯಾರೂ ನಗುತ್ತಿರಲಿಲ್ಲ. ಆದರೆ ಕಲ್ಲು ಗುರುತಿಸಲು ಬಾರದೆ ಫೇಲಾದವಳು ಅಂತ ಹಾಸ್ಟೆಲಿನಲ್ಲಿ ನನ್ನನ್ನು 'ಕಲ್ಲಮ್ಮ' ಎಂದು ಕರೆಯತೊಡಗಿದರು. ಗ್ರಾನೈಟ್‌ಗೂ ನೈಸ್‌ಗೂ ವ್ಯತ್ಯಾಸ ಏನು ಎಂಬ ಪ್ರಶ್ನೆಗೆ ನಾನು ಎರಡು ಪುಟ ಬರೆದಿದ್ದೆ. ಆಮೇಲೆ ನೋಡಿದರೆ ಎರಡನ್ನೂ ಅದಲುಬದಲು ಮಾಡಿ ಬರೆದಿದ್ದೆ.

ನಗು ಇರಲಿ, ಭಯ ಬೇರೆಯದಿತ್ತು. ಕ್ಯಾಂಪಸ್‌ಗೆ ಬರುವ ಕಂಪನಿಗಳ ನೋಟಿಸಿನಲ್ಲಿ 'ಬ್ಯಾಕ್‌ಲಾಗ್ ಇರಬಾರದು' ಅನ್ನುವ ಸಾಲು ಇದ್ದೇ ಇರುತ್ತದೆ. ಅಪ್ಪ ಗಾರೆ ಮೇಸ್ತ್ರಿ. ನನ್ನ ಫೀಸಿಗೆ ಮಾಡಿದ ಸಾಲದ ಚೀಟಿ ದೇವರ ಪಟದ ಹಿಂದೆ ಇರುವುದು ನನಗೆ ಗೊತ್ತು. ಮನೆಯಲ್ಲಿ ಹೇಳದೇ ಮುಚ್ಚಿಟ್ಟಿದ್ದೆ. ಆದರೆ ನಂಜನಗೂಡು ಕಡೆಯ ನಮ್ಮ ಅಜ್ಜಿಯಿಂದ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ವಿಷಯ ತಿಳಿದ ದಿನ ಬೈಯಲಿಲ್ಲ. "ತಾಯಿ ಚಾಮುಂಡಿಗೆ ಹೇಳ್ಕೊಂಡಿವ್ನಿ ಕಣಮ್ಮಿ. ನೀ ಪಾಸಾದ್ರೆ ಸಾವ್ರ ಮೆಟ್ಲಿಗೂ ಅರಿಶಿನ ಕುಂಕುಮ ಹಚ್ತೀನಿ" ಎಂದಳು.

ಪಾಸಾದೆ. ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು. ಆದರೆ ಅಷ್ಟರಲ್ಲಿ ಅಜ್ಜಿಯ ಮಂಡಿ ನೋವು ಜೋರಾಗಿತ್ತು. ಹರಕೆ ಹೊತ್ತವಳು ಅವಳು, ತೀರಿಸಬೇಕಾದವಳು ನಾನು ಎಂದಾಯಿತು.

ಆಷಾಢ ಶುಕ್ರವಾರದ ಜನಜಾತ್ರೆ ಬೇಡವೆಂದು ಒಂದು ಬುಧವಾರ ಬೆಳಿಗ್ಗೆ ಆರಕ್ಕೇ ಮೆಟ್ಟಿಲ ಬುಡಕ್ಕೆ ಹೋದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಬಗ್ಗೆ ಹೇಳುವುದು ಅಧಿಕಪ್ರಸಂಗವೇ. ಕಿಟಕಿ ತೆಗೆದರೆ ಕಾಣುವ ಬೆಟ್ಟ ಅದು. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ ಎಂದು ಕೇಳಿದರೆ ದೊಡ್ಡದೆನಿಸುತ್ತದೆ. ಆದರೆ ಮೈಸೂರೇ 770 ಮೀಟರ್ ಆಸುಪಾಸಿನಲ್ಲಿದೆ. ಹಾಗಾಗಿ ಊರಿನಿಂದ ಮೇಲಕ್ಕೆದ್ದಿರುವುದು ಮುನ್ನೂರು ಮೀಟರ್ ಅಷ್ಟೆ. ಮುಳ್ಳಯ್ಯನಗಿರಿ ಹತ್ತಿದವರು ಇದನ್ನು ಬೆಟ್ಟ ಎನ್ನಲಿಕ್ಕೂ ಯೋಚಿಸಬಹುದು. ನಾನೂ ಜಾಗಿಂಗ್ ನೆಪದಲ್ಲಿ ಹತ್ತಾರು ಸಲ ಓಡಿ ಹತ್ತಿದ್ದೇನೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲಿನ ಹೆಜ್ಜೆ ಲೆಕ್ಕದ ಮೇಲೆ.

ಆದರೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಹಚ್ಚುವಾಗ ನಿಮ್ಮ ಮೂಗಿಗೂ ಕಲ್ಲಿಗೂ ಒಂದಡಿ ಅಂತರ ಇರುತ್ತದೆ. ಮೂವತ್ತನೇ ಮೆಟ್ಟಿಲಿಗೆ ಸೊಂಟ ಹಿಡಿಯಿತು. ಐವತ್ತಕ್ಕೆ ಕಲ್ಲು ಕಾಣಿಸತೊಡಗಿತು. ಪಕ್ಕದಲ್ಲಿ ಮೈಚಾಚಿದ್ದ ಬಂಡೆಯಲ್ಲಿ ನಸುಗೆಂಪು ಹರಳುಗಳು. ಅದು ಫೆಲ್ಡ್‌ಸ್ಪಾರ್. ನಡುವೆ ಗಾಜಿನ ಚೂರಿನಂತೆ ಮಿಂಚುವುದು ಕ್ವಾರ್ಟ್ಜ್. ಕಪ್ಪು ಚುಕ್ಕಿಗಳು ಬಯೋಟೈಟ್ ಅಭ್ರಕ. ಹರಳುಗಳು ದಿಕ್ಕಿಲ್ಲದೆ ಹರಡಿದ್ದರೆ ಗ್ರಾನೈಟ್, ಪಟ್ಟೆಪಟ್ಟೆಯಾಗಿ ಸಾಲುಗಟ್ಟಿದ್ದರೆ ನೈಸ್. ಎರಡು ಪುಟ ತಪ್ಪು ಬರೆದಿದ್ದಕ್ಕೆ ಉತ್ತರ ಇಲ್ಲಿ ಬಿದ್ದುಕೊಂಡಿತ್ತು. ನಾನು ಇದರ ಮೇಲೇ ಓಡಾಡಿಕೊಂಡಿದ್ದೆ!

ಚಾಮುಂಡಿ ಗ್ರಾನೈಟ್‌ನ ವಯಸ್ಸು ಸುಮಾರು 80 ಕೋಟಿ ವರ್ಷ. ಅಂದರೆ ಡೈನೋಸಾರ್‌ಗಳು ಬರುವುದಕ್ಕೂ ಐವತ್ತು ಕೋಟಿ ವರ್ಷಕ್ಕಿಂತ ಹಿಂದಿನದು. ಆದರೂ ಈ ಭಾಗದ ಲೆಕ್ಕದಲ್ಲಿ ಇದು ಎಳೆಯ ಕೂಸು. ಯಾಕೆಂದರೆ ಸುತ್ತಲಿನ ಬಯಲಿನ ಅಡಿಯಲ್ಲಿರುವ ನೈಸ್ ಶಿಲೆಗಳಿಗೆ 300 ಕೋಟಿ ವರ್ಷಗಳಷ್ಟು ವಯಸ್ಸು. ಆ ಮುದಿ ಶಿಲೆಯನ್ನು ಸೀಳಿಕೊಂಡು ಕೆಳಗಿನಿಂದ ಕರಗಿದ ಶಿಲಾರಸ ನುಗ್ಗಿತು. ನೆಲದ ಮೇಲಕ್ಕೆ ಬರಲಿಲ್ಲ, ಆಳದಲ್ಲೇ ನಿಂತು ನಿಧಾನವಾಗಿ ತಣ್ಣಗಾಯಿತು. ನಿಧಾನವಾಗಿ ತಣಿದಿದ್ದರಿಂದಲೇ ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳು. ಆಮೇಲೆ ಕೋಟಿಗಟ್ಟಲೆ ವರ್ಷ ಮಳೆ, ಬಿಸಿಲು, ಗಾಳಿ ಮೇಲಿನ ಪದರಗಳನ್ನು ಸವೆಸುತ್ತಾ ಬಂದವು. ಸುತ್ತಲಿನದು ಬೇಗ ಸವೆಯಿತು, ಈ ಗಟ್ಟಿ ಮುದ್ದೆ ಉಳಿಯಿತು. ನಾವು ಬೆಟ್ಟ ಎದ್ದಿತು ಎನ್ನುತ್ತೇವೆ. ನಿಜಕ್ಕೂ ಊರು ಇಳಿಯಿತು.

ಇನ್ನೊಂದು ಮಾತು. ಚಾಮುಂಡಿ ಬೆಟ್ಟ ಆರಿದ ಜ್ವಾಲಾಮುಖಿ ಅಂತ ನಮ್ಮ ಕ್ಲಾಸಿನಲ್ಲೇ ಅರ್ಧ ಜನ ನಂಬಿದ್ದಾರೆ. ತಪ್ಪಲಿನ ಉತ್ತನಹಳ್ಳಿಯಲ್ಲಿ ಜ್ವಾಲಾಮುಖಿ ತ್ರಿಪುರಸುಂದರಿಯ ಗುಡಿ ಇರುವುದೇ ಇದಕ್ಕೆ ಕಾರಣ ಇರಬೇಕು. ಅದು ದೇವಿಯ ಹೆಸರು. ಗ್ರಾನೈಟ್ ಹುಟ್ಟುವುದು ಬಾಯಿ ತೆರೆಯದ ನೆಲದೊಳಗೆ.

ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ಅಜ್ಜಿಯ ಫೋನ್. "ಎಷ್ಟಾಯ್ತಮ್ಮಿ?" ಲೆಕ್ಕ ತಪ್ಪಿತ್ತು. ಈ ಮೆಟ್ಟಿಲು ಸಾವಿರ ಎಂಬುದು ಬಾಯಿಮಾತು. ಒಬ್ಬರು 1,008 ಅಂದರೆ ಇನ್ನೊಬ್ಬರು ಇನ್ನೂ ಹೆಚ್ಚು ಅನ್ನುತ್ತಾರೆ. ಕಟ್ಟಿಸಿದ್ದು ಮಾತ್ರ 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ್. ಸುಮಾರು 700ನೇ ಮೆಟ್ಟಿಲಿನ ಬಳಿ ಕೂತಿರುವ ನಂದಿಯೂ ಅವರ ಕಾಲದ್ದೇ. ಅಲ್ಲೇ ಇದ್ದ ಬಂಡೆಯನ್ನು ಕೊರೆದು ಮಾಡಿದ ಏಕಶಿಲೆ. ನೂರಾರು ವರ್ಷಗಳ ಎಣ್ಣೆ ಮಜ್ಜನಕ್ಕೆ ಕಪ್ಪಾಗಿರುವುದರಿಂದ ಅದರ ಮೈಯ ಹರಳು ಕಾಣುವುದಿಲ್ಲ.

ಚಾಮುಂಡೇಶ್ವರಿಗಿಂತ ಮೊದಲು ಈ ಬೆಟ್ಟ ಮಹಾಬಲೇಶ್ವರನದು. ಮಹಾಬಲಾದ್ರಿ ಎಂಬ ಹಳೆಯ ಹೆಸರು ಅವನಿಂದಲೇ ಬಂದಿದ್ದು. ಹತ್ತನೇ ಶತಮಾನದ, ಗಂಗರ ಕಾಲದ ಶಾಸನ ಇಲ್ಲಿ ಸಿಕ್ಕಿದೆ. ದೇವಿಯ ಗುಡಿಯ ಪಕ್ಕದಲ್ಲೇ ಆ ಪುಟ್ಟ ದೇವಸ್ಥಾನ ಇದ್ದರೂ ಸೆಲ್ಫಿ ತೆಗೆದುಕೊಳ್ಳುವ ನಾವು ಅತ್ತ ತಿರುಗುವುದು ಕಡಿಮೆ. ದೇವಿ ಒಡೆಯರ ಮನೆದೇವರಾದ ಮೇಲೆ ಬೆಟ್ಟದ ಭಾಗ್ಯ ಬದಲಾಯಿತು. 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿ ಗೋಪುರ ಎತ್ತಿಸಿದರು. ನನಗೆ ಇಷ್ಟವಾದದ್ದು ಬೋಳ ಚಾಮರಾಜರ ಕತೆ. ಹದಿನಾರನೇ ಶತಮಾನದ ಈ ದೊರೆ ಬೆಟ್ಟದ ಮೇಲೆ ದೇವಿಯ ದರ್ಶನಕ್ಕೆ ಬಂದಾಗ ಸಿಡಿಲು ಬಡಿದು, ಜೀವ ಉಳಿದು ತಲೆಗೂದಲಷ್ಟೇ ಹೋಯಿತಂತೆ. 'ಬೋಳ' ಅನ್ನುವ ಹೆಸರು ಅದಕ್ಕೇ ಬಂತಂತೆ. ಬಯಲಲ್ಲಿ ಒಂಟಿಯಾಗಿ ನಿಂತ ಎತ್ತರಕ್ಕೆ ಸಿಡಿಲು ಹೊಡೆಯುವುದು ಸಹಜ ಅಂತ ನನ್ನೊಳಗಿನ ಎಂಜಿನಿಯರ್ ಹೇಳಿದಳು. ಅಜ್ಜಿಗೆ ಹೇಳಲಿಲ್ಲ.

ನಂದಿಯ ಹತ್ತಿರ ಬಂದಾಗ ಎಂಟೂವರೆ. ಕಬ್ಬಿನ ಹಾಲು ಕುಡಿದು ಕೂತೆ. ಮೆಟ್ಟಿಲ ದಾರಿಯೂ ವಾಹನದ ರಸ್ತೆಯೂ ಇಲ್ಲಿ ಸಂಧಿಸುತ್ತವೆ. 2021ರ ಅಕ್ಟೋಬರ್‌ನ ಮಳೆಗೆ ಕುಸಿದಿದ್ದು ನಂದಿಗೆ ಬರುವ ಈ ರಸ್ತೆಯೇ. ನವೆಂಬರ್‌ನಲ್ಲಿ ಮತ್ತೆ ಕುಸಿಯಿತು. ಆಗ ನಾನಿನ್ನೂ ಹೈಸ್ಕೂಲು. 80 ಕೋಟಿ ವರ್ಷ ನಿಂತ ಕಲ್ಲು ಒಂದು ಮಳೆಗೆ ಯಾಕೆ ಕುಸಿಯುತ್ತದೆ ಅಂತ ಅಪ್ಪನನ್ನು ಕೇಳಿದ್ದೆ. ಅಪ್ಪ ಓದಿದ್ದು ಏಳನೇ ಕ್ಲಾಸು. "ಕಲ್ಲು ಎಲ್ಲಿ ಕುಸೀತು? ಕುಸಿದದ್ದು ಮಣ್ಣು. ಗೋಡೆ ಬೀಳೋದು ಮಣ್ಣಿನ ಭಾರಕ್ಕಲ್ಲ ಮಗಾ, ಹಿಂದೆ ನಿಂತ ನೀರಿನ ಭಾರಕ್ಕೆ. ಅದ್ಕೇ ನಾವು ಗೋಡೇಲಿ ಪೈಪಿನ ತುಂಡು ಇಟ್ಟು ಕಿಂಡಿ ಬಿಡೋದು" ಎಂದಿದ್ದರು. ಆ ಕಿಂಡಿಗೆ ವೀಪ್ ಹೋಲ್ ಎನ್ನುತ್ತಾರೆಂದು ನಾನು ಕಲಿತದ್ದು ಕಾಲೇಜಿಗೆ ಬಂದ ಮೇಲೆ.

ಈಗ ಪಕ್ಕದ ಬಂಡೆ ನೋಡಿದರೆ ಅಪ್ಪನ ಮಾತಿನ ಮೊದಲರ್ಧವೂ ಅರ್ಥವಾಗುತ್ತದೆ. ಗ್ರಾನೈಟ್ ಒಂದೇ ಅಚ್ಚಲ್ಲ, ಅದರ ಮೈತುಂಬ ಬಿರುಕುಗಳಿವೆ. ಬಿರುಕಿಗೆ ನೀರಿಳಿದು ಫೆಲ್ಡ್‌ಸ್ಪಾರ್ ಮೆಲ್ಲಗೆ ಜೇಡಿಯಾಗುತ್ತದೆ, ಅಭ್ರಕ ತುಕ್ಕು ಹಿಡಿಯುತ್ತದೆ, ಕ್ವಾರ್ಟ್ಜ್ ಮಾತ್ರ ಮರಳಾಗಿ ಉಳಿಯುತ್ತದೆ. ಬಂಡೆಗಳು ಅಂಚು ಕಳೆದುಕೊಂಡು ಗುಂಡಗಾಗುತ್ತವೆ. ಅವುಗಳ ನಡುವೆ ತುಂಬಿಕೊಂಡ ಈ ಸಡಿಲ ಮಣ್ಣನ್ನು ಹಿಡಿದಿಟ್ಟಿರುವುದು ಕಾಡಿನ ಬೇರು. ಮಹಾ ಕಾಡೇನಲ್ಲ, ಕುರುಚಲು ಕಾಡು. ಲಂಟಾನ ಮುತ್ತಿದೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಆದರೂ ನವಿಲಿದೆ, ಚಿರತೆಯಿದೆ. ಇಳಿಜಾರನ್ನು ಕತ್ತರಿಸಿ, ಕತ್ತರಿಸಿದ ಮಣ್ಣನ್ನೇ ಅಂಚಿಗೆ ತುಂಬಿ, ಅದರ ಮೇಲೆ ರಸ್ತೆ ಮಾಡಿದರೆ ಮಳೆನೀರಿಗೆ ದಾರಿ ತೋರಿಸುವ ಜವಾಬ್ದಾರಿ ನಮ್ಮದಾಗುತ್ತದೆ. ರೋಪ್‌ವೇ ಮಾಡುವ ಮಾತು ಎದ್ದಾಗ ಮೈಸೂರಿನ ಜನ ಎದ್ದು ನಿಂತು ಬೇಡವೆಂದದ್ದು ನನಗೆ ಮೊದಲು ಅಭಿವೃದ್ಧಿಗೆ ಅಡ್ಡಗಾಲು ಅನ್ನಿಸಿತ್ತು. ನಾಳೆ ನನಗೆ ಕೆಲಸ ಕೊಡುವವರು ಇಂಥ ಕಾಮಗಾರಿಯವರೇ ಆಗಿರಬಹುದು, ಅದೂ ನಿಜ. ಆದರೆ ಆ ಬೆಳಿಗ್ಗೆ, ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ಆ ರಸ್ತೆಯಂಚಿನಲ್ಲಿ ಕೂತಾಗ, ಬೇಡವೆಂದವರ ಕಡೆಗೇ ವಾಲಿದೆ.

ಕೊನೆಯ ನೂರು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ತುದಿಗೆ ಇನ್ನು ನಲವತ್ತೋ ಐವತ್ತೋ ಇರುವಾಗ ಕುಂಕುಮ ಖಾಲಿ. ಬಟ್ಟಲ ತಳ ಒರೆಸಿ ಒರೆಸಿ ಇನ್ನೂ ಏಳು ಮೆಟ್ಟಿಲಿಗೆ ಹಚ್ಚಿದೆ. ಅಷ್ಟೇ.

ಮೇಲೆ ಮಹಿಷಾಸುರನ ಪ್ರತಿಮೆಯ ಹತ್ತಿರ ಅಜ್ಜಿ 201ನೇ ನಂಬರಿನ ಬಸ್ಸಿನಲ್ಲಿ ಬಂದು, ಮಲ್ಲಿಗೆ ಮುಡಿದು ಕೂತಿದ್ದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಷ್ಟು ಮೆಟ್ಟಿಲು ಬಾಕಿ ಉಳಿಯಿತು ಅಜ್ಜಿ ಎಂದೆ. ಅವಳು ನನ್ನ ಹಳದಿ ಕೈ ಹಿಡಿದು ನೋಡಿ, ಸೀರೆ ಸೆರಗಿನಲ್ಲಿ ಒರೆಸುತ್ತಾ ಕೇಳಿದಳು.

"ಅದುಕ್ಕೂ ಬ್ಯಾಕ್‌ಲಾಗ್ ಅಂತಾರಾ?"